ನಮ್ಮ 'ಬೆಟಗೇರಿ ಮನೆ' ಗುಂಪಿನಲ್ಲಿ ಯೋಹಾನ 15:14

ಭಾನುವಾರ ಬೆಳಗ್ಗೆ ಆರೂ ಹತ್ತಕ್ಕೆ ದೊಡ್ಡಪ್ಪ ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ಬೈಬಲ್ ವಚನದ ಒಂದು ಚಿತ್ರ ಹಾಕಿದರು. ಸೂರ್ಯೋದಯ, ಎರಡು ಪಾರಿವಾಳ, ಕೆಳಗೆ ಕೆಂಪು ಅಕ್ಷರ: 'ನನ್ನನ್ನು ಪ್ರೀತಿಸಿದರೆ ನನ್ನ ಆಜ್ಞೆಗಳನ್ನು ಪಾಲಿಸುವಿರಿ. ಯೋಹಾನ 15:14. ಹತ್ತು ಜನಕ್ಕೆ ಕಳಿಸಿ.' ಎಂಟು ನಿಮಿಷದಲ್ಲಿ ಒಂಬತ್ತು ಕೈಮುಗಿದ ಗುರುತು ಬಂದವು. ಓದಿದವರು ಯಾರೂ ಇಲ್ಲ ಅಂತ ನನ್ನ ಅನುಮಾನ. ಅತ್ತೆಯಂತೂ 'ಹುಟ್ಟುಹಬ್ಬದ ಶುಭಾಶಯ' ಅಂತ ಬರೆದಿದ್ದರು.

ಪುಣೆ ಅಣ್ಣ: ಅಪ್ಪಾ, ಇದು 15:14 ಅಲ್ಲ, 14:15. ಹದಿನಾಲ್ಕನೇ ಅಧ್ಯಾಯ, ಹದಿನೈದನೇ ವಚನ. ಯಾರು ಕಳಿಸಿದ್ದು ನಿಮಗೆ?

ದೊಡ್ಡಪ್ಪ: ಅಂಕಿ ಬಿಡು, ಅರ್ಥ ನೋಡು. ದೇವರ ಮಾತು ಕೇಳೋದೇ ಪ್ರೀತಿ. ಈಗಿನ ಮಕ್ಕಳು ತಂದೆ ಮಾತೇ ಕೇಳಲ್ಲ. ಎಫೆಸ 6:1 ಓದು.

ಪುಣೆ ಅಣ್ಣ: ಓದಿದೆ. 6:4 ಕೂಡ ಓದಿದೆ. ತಂದೆಗಳು ಮಕ್ಕಳಿಗೆ ಸಿಟ್ಟು ಬರಿಸಬಾರದು ಅಂತ ಇದೆ.

ದೊಡ್ಡಪ್ಪ: ಪುಣೆಗೆ ಹೋದ ದಿನದಿಂದ ನೀನು ಹೀಗೇ.

(ಅಣ್ಣ ಪುಣೆಗೆ ಹೋಗಿ ಹದಿನೇಳು ವರ್ಷ ಆಯಿತು. ನಮ್ಮಲ್ಲಿ ಯಾವ ಜಗಳ ಶುರುವಾದರೂ ಅದೇ ಬಸ್ ಹತ್ತುತ್ತದೆ.)

ಅತ್ತೆ: ನಮ್ಮ ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಹೇಳಿದರೆ ಪೆಪ್ಪರಮೆಂಟು ಕೊಡ್ತಿದ್ದರು. ನಾನು 1 ಯೋಹಾನ 5:3 ಹೇಳಿ ಎರಡು ತಗೊಂಡಿದ್ದೆ. ದೇವರ ಆಜ್ಞೆ ಭಾರ ಅಲ್ಲ ಅನ್ನೋ ವಚನ.

ಕಾಕಾ: ಎರಡಲ್ಲ, ಒಂದು. ಇನ್ನೊಂದು ನಂದು.

ಅಕ್ಕ: ಅಣ್ಣ ಹೇಳಿದ ಅಂಕಿ ಸರಿ. ಆದರೆ 15:14 ಕೂಡ ಸುಮ್ನೆ ದಾಟಿ ಹೋಗೋ ವಚನ ಅಲ್ಲ. ನಾನು ಹೇಳಿದ್ದನ್ನು ಮಾಡಿದರೆ ನೀವು ನನ್ನ ಸ್ನೇಹಿತರು ಅಂತಾರೆ ಯೇಸುಸ್ವಾಮಿ. ಮುಂದಿನ ವಚನದಲ್ಲೇ, ಇನ್ನು ನಿಮ್ಮನ್ನು ಆಳುಗಳು ಅನ್ನಲ್ಲ ಅಂತಾರೆ. ಯಜಮಾನ ಏನು ಮಾಡ್ತಾನೆ ಅಂತ ಆಳಿಗೆ ಗೊತ್ತಿರಲ್ಲ, ಸ್ನೇಹಿತನಿಗೆ ಗೊತ್ತಿರುತ್ತೆ. ಇದೆಲ್ಲ ಕೊನೆಯ ಊಟದ ರಾತ್ರಿ ಆಡಿದ ಮಾತು, ಶಿಷ್ಯರ ಕಾಲು ತೊಳೆದಾದ ಮೇಲೆ. ಆ ಆಜ್ಞೆ ಯಾವುದು ಅಂತ 15:12ರಲ್ಲಿದೆ: ಒಬ್ಬರನ್ನೊಬ್ಬರು ಪ್ರೀತಿಸಿ. ಇನ್ನು 14:15ರಲ್ಲಿ ಗ್ರೀಕ್ ಹಸ್ತಪ್ರತಿಗಳೇ ಒಂದೊಂದು ಥರ ಇವೆ. ಕೆಲವದರಲ್ಲಿ 'ಪಾಲಿಸುವಿರಿ', ಕೆಲವದರಲ್ಲಿ 'ಪಾಲಿಸಿರಿ'. 1611ರ ಇಂಗ್ಲಿಷ್ ಬೈಬಲ್ 'ಪಾಲಿಸಿರಿ' ಅಂತ ಹಿಡಿಯಿತು. ನನಗೆ 'ಪಾಲಿಸುವಿರಿ'ನೇ ಸರಿ ಅನಿಸುತ್ತೆ. ಪ್ರೀತಿ ಇದ್ದರೆ ಕಾಲು ತಾನಾಗೇ ಆ ಕಡೆ ಹೋಗುತ್ತೆ, ಅಲ್ವಾ?

ದೊಡ್ಡಪ್ಪ: ಗ್ರೀಕ್ ನಮಗ್ಯಾಕೆ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದದ್ದು ದೇವರಿಗೆ ವಿಧೇಯರಾಗಿ. ಗ್ರೀಕ್ ಜಗಳ ಆಡೋಕೆ ಅಲ್ಲ.

ಪುಣೆ ಅಣ್ಣ: ಅವರಿಗೆ ಗ್ರೀಕ್ ಬರ್ತಿತ್ತು ಅಪ್ಪಾ.

ಕಾಕಾನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂತು, ಹೋಯಿತು, ಮತ್ತೆ ಬಂತು.

ಕಾಕಾ: ನಮ್ಮಪ್ಪ ಬೆಟಗೇರಿ ಬಿಡಬೇಡ ಅಂದರು. ನಾನು ಬಿಡಲಿಲ್ಲ. ಮುಂಬೈ ಕೆಲಸದ ಕಾಗದ ಇನ್ನೂ ಟ್ರಂಕಿನಲ್ಲಿದೆ. ಉಳಿದದ್ದು ಪ್ರೀತಿಗೋ ಹೆದರಿಕೆಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಚರ್ಚಿನಲ್ಲಿ ಮಾತ್ರ ಎಲ್ಲರೂ ವಿಧೇಯ ಮಗ ಅಂತಿದ್ದರು.

ನಾಲ್ಕು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ಅದು ದಾಖಲೆ.

ಆಮೇಲೆ ಅತ್ತೆ ಒಂದು ಫೋಟೋ ಹಾಕಿದರು. ಮಾತು ತಿರುಗಿಸೋಕೆ ಇರಬೇಕು. ಅಜ್ಜಿಯ ಬೈಬಲ್ಲು, ಯೋಹಾನನ ಪುಟ, ಅದೂ ತಲೆಕೆಳಗಾಗಿ. ಫೋನ್ ತಿರುಗಿಸಿ ನೋಡಿದೆ. ವಚನಕ್ಕೆ ಗೆರೆ ಗಿರೆ ಏನಿಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದಿತ್ತು: 'ಹಾಲು 2 ಲೀಟರ್, ಬಾಕಿ 11 ರೂ.'

ದೊಡ್ಡಪ್ಪ: ಅವ್ವನ ಬೈಬಲ್ ನಿನ್ನ ಹತ್ರ ಇದೆಯಾ? ಕಳೆದುಹೋಯ್ತು ಅಂದಿದ್ದೆ?

ಅತ್ತೆ: ನೆಟ್‌ವರ್ಕ್ ಸರಿ ಇಲ್ಲ. ಆರಾಧನೆಗೆ ಹೊರಟೆ.