ಪ್ರಶ್ನೋತ್ತರ: ಎಲ್ಲ ತ್ರಿಭುಜಕ್ಕೂ ಪೈಥಾಗೊರಸ್ ಏಕೆ ಬೇಡ?

ಪ್ರಶ್ನೆ (ಒಬ್ಬ ತಾಯಿ): ಗಣಿತ ಶಿಕ್ಷಕರಲ್ಲಿ ಒಂದು ಸಂದೇಹ. ಮಗಳಿಗೆ ಬಂದ ಲೆಕ್ಕ ಹೀಗಿದೆ: ತ್ರಿಭುಜದ ಎರಡು ಬಾಹುಗಳು 6 ಸೆಂ.ಮೀ. ಮತ್ತು 8 ಸೆಂ.ಮೀ., ಸುತ್ತಳತೆ 25 ಸೆಂ.ಮೀ. ಮೂರನೆಯ ಬಾಹು ಎಷ್ಟು? ಅವಳು ಪೈಥಾಗೊರಸ್ ಪ್ರಮೇಯ ಹಾಕಿ 10 ಎಂದು ಬರೆದಳು. ಪುಸ್ತಕದ ಉತ್ತರ 11. ಪ್ರಮೇಯ ತಪ್ಪಲು ಸಾಧ್ಯವೇ ಎಂದು ನನ್ನನ್ನೇ ಕೇಳುತ್ತಿದ್ದಾಳೆ.

ಉತ್ತರ (ಗಣಿತ ಶಿಕ್ಷಕಿ): ಪ್ರಮೇಯ ತಪ್ಪಿಲ್ಲ ಮೇಡಂ, ಅದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಸುತ್ತಳತೆ ಎಂದರೆ ಮೂರು ಬಾಹುಗಳ ಮೊತ್ತ. 25ರಿಂದ 14 ಕಳೆದರೆ 11, ಲೆಕ್ಕ ಮುಗಿಯಿತು. 6 ಮತ್ತು 8 ಒಟ್ಟಿಗೆ ಕಂಡ ಕೂಡಲೇ 10 ಬರೆಯುವ ಚಟ ಬಹಳ ಮಕ್ಕಳಿಗಿದೆ, ಅದನ್ನು ಬಿಡಿಸಬೇಕು. ಪೈಥಾಗೊರಸ್ ಪ್ರಮೇಯ ಲಂಬಕೋನ ತ್ರಿಭುಜಕ್ಕೆ ಮಾತ್ರ: ಲಂಬಕೋನದ ಎದುರಿನ ಬಾಹುವಿನ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಇಲ್ಲಿ 6 ಮತ್ತು 8ರ ವರ್ಗಗಳ ಮೊತ್ತ 100, ಆದರೆ 11ರ ವರ್ಗ 121. ಹೆಚ್ಚಿದೆಯಲ್ಲವೇ? ಹಾಗಾಗಿ 11ರ ಎದುರಿನ ಕೋನ 90 ಡಿಗ್ರಿಗಿಂತ ದೊಡ್ಡದು, ಅದು ವಿಶಾಲಕೋನ. ಚಿತ್ರ ಕಣ್ಣಿಗೆ ಲಂಬಕೋನದಂತೆ ಕಂಡರೂ ಮೂಲೆಯಲ್ಲಿ ಚಿಕ್ಕ ಚೌಕದ ಗುರುತಾಗಲಿ, ಪ್ರಶ್ನೆಯಲ್ಲಿ ಆ ಮಾತಾಗಲಿ ಇಲ್ಲದಿದ್ದರೆ ನಂಬಬಾರದು.

ಪ್ರಶ್ನೆ (ಅದೇ ತಾಯಿ): ಸುತ್ತಳತೆ ಕೊಡದೆ 6 ಮತ್ತು 8 ಮಾತ್ರ ಕೊಟ್ಟಿದ್ದರೆ?

ಉತ್ತರ: ಆಗ ಒಂದೇ ಉತ್ತರ ಸಿಗುವುದಿಲ್ಲ. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕು ಎಂಬುದೊಂದೇ ಕಟ್ಟು. ಮೂರನೆಯ ಬಾಹು 2ಕ್ಕಿಂತ ಹೆಚ್ಚು, 14ಕ್ಕಿಂತ ಕಡಿಮೆ. ಸುತ್ತಳತೆ 16 ಮತ್ತು 28ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಲಂಬಕೋನ ಎಂದು ಹೇಳಿದರೂ ಸಾಲದು. 6 ಮತ್ತು 8 ಲಂಬಕೋನವನ್ನು ಮಾಡುವ ಬಾಹುಗಳಾದರೆ ವಿಕರ್ಣ, ಅಂದರೆ ಲಂಬಕೋನದ ಎದುರಿನ ಬಾಹು, 10; ಸುತ್ತಳತೆ 24. 8 ತಾನೇ ವಿಕರ್ಣವಾದರೆ? 64ರಿಂದ 36 ಕಳೆದು 28, ಅದರ ವರ್ಗಮೂಲ ಸುಮಾರು 5.29, ಸುತ್ತಳತೆ ಸುಮಾರು 19.29. ಯಾವುದು ವಿಕರ್ಣ ಎಂದು ಮೊದಲು ಹುಡುಕಿ, ಆಮೇಲೆ ಪೆನ್ನು ಹಿಡಿಯಲು ಹೇಳಿ.

ಪ್ರಶ್ನೆ (ಇನ್ನೊಬ್ಬರು): ಸಮದ್ವಿಬಾಹು ತ್ರಿಭುಜದ ಎರಡು ಬಾಹುಗಳು 5 ಮತ್ತು 11. ಸುತ್ತಳತೆ 21 ಅಥವಾ 27, ಎರಡೂ ಸರಿಯೇ ಸರ್?

ಉತ್ತರ: ಸರ್ ಅಲ್ಲ, ಮೇಡಂ. 27 ಮಾತ್ರ. 5, 5, 11 ಎಂದುಕೊಂಡರೆ 5ರ ಎರಡು ಬಾಹುಗಳು ಸೇರಿಯೂ 10. ತುದಿಗಳು ಸಂಧಿಸುವುದೇ ಇಲ್ಲ.

ಪ್ರಶ್ನೆ (ಒಬ್ಬ ವಿದ್ಯಾರ್ಥಿ): ಮೇಡಂ, ಲಂಬಕೋನ ತ್ರಿಭುಜದ ಸುತ್ತಳತೆ 30, ವಿಕರ್ಣ 13 ಇದ್ದರೆ ಉಳಿದೆರಡನ್ನೂ ಕಂಡುಹಿಡಿಯಬಹುದೇ?

ಉತ್ತರ: ಇದು ಸೊಗಸಾದ ಲೆಕ್ಕ. ಉಳಿದೆರಡರ ಮೊತ್ತ 17, ಅದರ ವರ್ಗ 289. ಆ ಎರಡರ ವರ್ಗಗಳ ಮೊತ್ತ 169, ಏಕೆಂದರೆ ಅದು ವಿಕರ್ಣದ ವರ್ಗ. ವ್ಯತ್ಯಾಸವಾದ 120 ಅವುಗಳ ಗುಣಲಬ್ಧದ ಎರಡರಷ್ಟು; ಗುಣಲಬ್ಧ 60. ಮೊತ್ತ 17, ಗುಣಲಬ್ಧ 60 ಇರುವ ಸಂಖ್ಯೆಗಳು 5 ಮತ್ತು 12.

ಅದೇ ವಿದ್ಯಾರ್ಥಿ: ಪಾದ ಯಾವುದು, ಲಂಬ ಯಾವುದು ಮೇಡಂ?

ಉತ್ತರ: ಯಾವುದಾದರೂ ಆಗಲಿ. ಹಾಳೆಯನ್ನು ತಿರುಗಿಸಿ ಹಿಡಿದರೆ ಪಾದವೇ ಲಂಬವಾಗುತ್ತದೆ. ಸುತ್ತಳತೆಗೆ ಅದರ ಗೊಡವೆಯಿಲ್ಲ.