ದಂಡು, ದಂಡ: ಎರಡೂ ಒಂದೇ ಪದವೇ?

ಮೊನ್ನೆ ನಮ್ಮ ರೈಲು ಕಂಟೋನ್ಮೆಂಟ್ ನಿಲ್ದಾಣದಲ್ಲಿ ನಿಂತಿತ್ತು. ಹಳದಿ ಹಲಗೆಯ ಮೇಲೆ 'ಬೆಂಗಳೂರು ದಂಡು' ಎಂದಿದೆ. ಅಕ್ಕನ ಮಗಳು ಅಕ್ಷರ ಕೂಡಿಸಿ ಓದಿ, "ಮಾಮ, ಇಲ್ಲಿಳಿದರೆ ದಂಡ ಕಟ್ಟಬೇಕಾ?" ಅಂದಳು. "ಇಲ್ಲ ಪುಟ್ಟಿ, ದಂಡು ಅಂದರೆ ಸೈನ್ಯ, ಅದು ಬೀಡುಬಿಟ್ಟ ಜಾಗ" ಅಂದೆ. 1809ರಲ್ಲಿ ಬ್ರಿಟಿಷರು ಅಲ್ಲಿ ದಂಡು ಪ್ರದೇಶ ಕಟ್ಟಿದ್ದನ್ನೂ ಹೇಳಿದೆ. ಆದರೆ ಮಗು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎರಡಕ್ಕೂ ಬೇರು ಸಂಸ್ಕೃತದ 'ದಂಡ'. ಮೂಲ ಅರ್ಥ ಕೋಲು. ಅದು ರಾಜನ ಕೈಗೆ ಬಂದಾಗ ಶಿಕ್ಷೆಯಾಯಿತು. ಒಳಗಿನವರಿಗೆ ಶಿಕ್ಷೆ, ಹೊರಗಿನವರಿಗೆ ಸೈನ್ಯ. ಎರಡೂ ರಾಜನ ಕೋಲೇ ಅಲ್ವಾ? ಕೌಟಿಲ್ಯ ರಾಜ್ಯಕ್ಕೆ ಏಳು ಅಂಗ ಹೇಳುತ್ತಾನೆ. ಅದರಲ್ಲಿ ಕೋಶ ಆದಮೇಲೆ ಬರುವ 'ದಂಡ' ಸೈನ್ಯವೇ. ಸೈನ್ಯ ಕೋಲಿನ ಹಾಗೆ ಉದ್ದಕ್ಕೆ ಸಾಗುವ ದಂಡವ್ಯೂಹವೂ ಇತ್ತು. ಆದರೆ ಅದು ಹಲವು ವ್ಯೂಹಗಳಲ್ಲಿ ಒಂದು ಅಷ್ಟೆ. ಇಡೀ ಸೈನ್ಯಕ್ಕೆ ಅದರಿಂದಲೇ ದಂಡು ಅನ್ನುವ ಹೆಸರು ಬಂತು ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಕನ್ನಡ ಮಾಡಿಕೊಂಡ ಏರ್ಪಾಡು. ಕೊನೆಯ ಸ್ವರ ಒಂದನ್ನು ಬದಲಿಸಿ ಎರಡು ಪದ ಮಾಡಿಕೊಂಡಿತು. ವಿಭಕ್ತಿ ಹಚ್ಚಿದರೆ ಇನ್ನೂ ದೂರ ಹೋಗುತ್ತವೆ: ದಂಡದ ಹಣ, ಆದರೆ ದಂಡಿನ ಮಾರಮ್ಮ. ದಂಡಕ್ಕೆ, ಆದರೆ ದಂಡಿಗೆ. ತಪ್ಪು ಮಾಡಿದವನು ದಂಡ ತೆರುತ್ತಾನೆ, ಅರಸ ದಂಡೆತ್ತಿ ಹೋಗುತ್ತಾನೆ. ತೆಲುಗಿನಲ್ಲೂ ದಂಡು, ದಂಡೆತ್ತು ಇವೆ.

ಸಂಸ್ಕೃತ ಸಮಾಸದಲ್ಲಿ ಮಾತ್ರ ಮತ್ತೆ ಗೊಂದಲ. ಅಲ್ಲಿ 'ದಂಡ' ಒಂದೇ ರೂಪ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸೈನ್ಯ ನಡೆಸಿದವನು. ಶಾಸನಗಳ ದಂಡಾಧಿಪನೂ ಸೇನಾಪತಿಯೇ. ಈಗ ತಹಶೀಲ್ದಾರರ ಕಚೇರಿಯ ಫಲಕದಲ್ಲಿ 'ತಾಲ್ಲೂಕು ದಂಡಾಧಿಕಾರಿ' ಎಂದಿರುತ್ತದೆ. ಅವರಿಗೆ ಸೈನ್ಯವಿಲ್ಲ, ಇಲ್ಲಿ ದಂಡ ಅಂದರೆ ಶಿಕ್ಷೆಯ ಅಧಿಕಾರ. ಹಳೆಯ ಸಾಹಿತ್ಯ ಓದುವವರು ಇದನ್ನು ನೆನಪಿಡಬೇಕು.

ಭಾರತೀಯ ಸೇನೆಯನ್ನು ಇವತ್ತು ಯಾರೂ ದಂಡು ಅನ್ನುವುದಿಲ್ಲ. ಆದರೂ ಜನರ ದಂಡು, ಇರುವೆಗಳ ದಂಡು ಬಾಯಲ್ಲಿ ಹಾಗೇ ಇವೆ. ದಂಡಿಗೆ ಹೆದರದವನು ದಾಸಯ್ಯನ ಜಾಗಟೆಗೆ ಹೆದರುತ್ತಾನಾ ಅನ್ನುವ ಗಾದೆಯೂ ಇದೆ. ನಿಮ್ಮ ಕಡೆ ಬೇರೆ ಯಾವ ಮಾತಿನಲ್ಲಿ ದಂಡು ಉಳಿದಿದೆ, ತಿಳಿಸುತ್ತೀರಾ?