ಮನೆಮಂದಿಗೆಲ್ಲ ತುರಿಕೆ ಗುಳ್ಳೆ, ಕಾರಣ ಮಾತ್ರ ಸಿಗುತ್ತಿಲ್ಲ: ಚರ್ಮವೈದ್ಯರಿಗೆ ಕೇಳಿ

ಪ್ರಶ್ನೆ (ಗೃಹಿಣಿ, ಕಲಬುರಗಿ)
ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ. ಒಂದೂವರೆ ತಿಂಗಳಾತ್ರಿ, ಮನ್ಯಾಗ ಒಬ್ಬರಾದ ಮ್ಯಾಲ ಒಬ್ಬರಿಗಿ ಸಣ್ಣ ಸಣ್ಣ ಕೆಂಪು ಗುಳ್ಳಿ ಏಳ್ಲಾಕತ್ಯಾವ, ಭಾಳ ತಿಂಡಿ ಬಿಡ್ತದ. ಮೊದಲ ಆರು ವರ್ಷದ ಮಗಗ ಆತು, ಆಮ್ಯಾಲ ನನಗ, ಈಗ ಎಂಟು ತಿಂಗಳ ಕೂಸಿಗೂ ಬಂದಾವ. ನಮ್ಮ ಮನಿಯವರು ದಾಲ್ ಮಿಲ್ಲಿನ ಗೋದಾಮಿನ್ಯಾಗ ಕೆಲಸ ಮಾಡ್ತಾರ, ಅವರಿಗೂ ಅದಾವ. ಅತ್ತಿಯವರಿಗಿ ಮಾತ್ರ ಏನೂ ಇಲ್ಲ. ಮೆಡಿಕಲ್‌ನ್ಯಾಗ ಒಂದು ಟ್ಯೂಬ್ ಕೊಟ್ಟಾರ. ಹಚ್ಚಿದ್ರ ನಾಕು ದಿನ ಕಡಿಮಿ, ಬಿಟ್ಟರ ಮತ್ತ ಡಬಲ್. ಒಬ್ಬರು ನೀರಿಂದ ಅಂತಾರ, ಒಬ್ಬರು ನಂಜು ಅಂತಾರ. ಬದನಿಕಾಯಿ, ಶೇಂಗಾ ಎಲ್ಲಾ ಬಿಡಿಸ್ಯಾರ. ರಕ್ತ ತಪಾಸಣಿ ಮಾಡ್ಸಬೇಕೇನ್ರಿ?

ಚರ್ಮವೈದ್ಯರು
ನಮಸ್ಕಾರ ಅಕ್ಕಾರೇ. ರಕ್ತ ತಪಾಸಣೆ ಸದ್ಯಕ್ಕೆ ಬೇಡ. ಬದನೆಕಾಯಿ, ಶೇಂಗಾ ಇವತ್ತೇ ಶುರು ಮಾಡಿರಿ. ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದ್ದರೆ ಅದು ಊಟದಿಂದ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವುದೋ, ಎಲ್ಲರನ್ನೂ ಕಚ್ಚುವುದೋ ಮನೆಯಲ್ಲಿ ಏನೋ ಇದೆ.

ಇಷ್ಟು ಹೇಳಿರಿ. ತುರಿಕೆ ಹೆಚ್ಚಾಗುವುದು ಹಗಲಲ್ಲೋ, ಹಾಸಿಗೆಗೆ ಹೋದ ಮೇಲೋ? ಯಾರ ಮೈಮೇಲೆ ಎಲ್ಲೆಲ್ಲಿ ಗುಳ್ಳೆ ಇವೆ? ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಲಾಡಿ ಕಟ್ಟುವ ಜಾಗ, ಹೊಕ್ಕಳ ಸುತ್ತ, ಕಂಕುಳ, ಕುಂಡಿ, ಕೂಸಿನ ಅಂಗೈ ಅಂಗಾಲು, ಇವನ್ನು ಒಂದೊಂದಾಗಿ ನೋಡಿರಿ. ಮನೆಯವರಿಗೆ ರಜೆ ಇದ್ದ ದಿನ ಹೊಸ ಗುಳ್ಳೆ ಏಳುತ್ತವೋ ಇಲ್ಲವೋ? ಟ್ಯೂಬಿನ ಮೇಲೆ ಏನು ಬರೆದಿದೆ?

ಫೋಟೊ ಹಾಕುವುದಾದರೆ ಹಗಲ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಒಂದು ದೂರದಿಂದ, ಒಂದು ಗುಳ್ಳೆಯ ಪಕ್ಕ ರೂಪಾಯಿ ಇಟ್ಟು ಹತ್ತಿರದಿಂದ. ಮುಖ ಕಾಣುವುದು ಬೇಡ.

ಗೃಹಿಣಿ, ಕಲಬುರಗಿ
ಮಗಗ ಬೆರಳ ಸಂದ್ಯಾಗ, ಮಣಿಕಟ್ಟಿಗಿ, ಮತ್ತ ಮುಂದ ಜಾಗಾದಾಗೂ ಅದಾವ್ರಿ. ನನಗ ಸೊಂಟ, ಎದಿ, ಬೆರಳ ಸಂದಿ. ಕೂಸಿನ ಅಂಗಾಲಿನ್ಯಾಗ ನೀರಿನ ಗುಳ್ಳಿ. ರಾತ್ರಿ ಮಲಗಿದ್ರ ನಿದ್ದಿನೇ ಇಲ್ಲ. ಆದ್ರ ಮನಿಯವರದು ಬ್ಯಾರೆನೇ ಅದ. ಕೈ ಬೆರಳಿಗಿ ಒಂದೂ ಇಲ್ಲ, ಹೊಟ್ಟಿ, ಬೆನ್ನು, ಹೆಗಲಿಗಿ ಅಷ್ಟೇ. ಹಳೇ ತೊಗರಿ ಚೀಲ ಇಳಿಸಿದ ಮರುದಿನ ಭಾಳ ಆಗ್ತದ, ಅಮಾಸಿ ರಜಾ ಹಿಡಿದು ನಾಕು ದಿನ ಮನ್ಯಾಗ ಇದ್ರ ಹೊಸಾವು ಏಳಂಗಿಲ್ಲ. ಟ್ಯೂಬಿನ ಮ್ಯಾಲ ಕ್ಲೋಬೆಟಾಸಾಲ್ ಅಂತ ಅದ, ಮತ್ತ ಇನ್ನೆರಡು ಔಷಧ ಕೂಡಿಸ್ಯಾರ.

ಚರ್ಮವೈದ್ಯರು
ಚೆಂದ ಗಮನಿಸಿದ್ದೀರಿ. ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಕಾರಣ ಕೂಡಿಕೊಂಡಂತಿದೆ. ಎಲ್ಲರದಕ್ಕೂ ಒಂದೇ ಕಾರಣ ಹುಡುಕಿದ್ದರಿಂದಲೇ ಇಷ್ಟು ದಿನ ಸಿಕ್ಕಿಲ್ಲ.

ನಿಮಗೂ ಮಕ್ಕಳಿಗೂ ಇರುವುದು ಹೆಚ್ಚುಕಡಿಮೆ ಖಚಿತವಾಗಿ ಕಜ್ಜಿ, ಅಂದರೆ ಸ್ಕೇಬೀಸ್. ಬೆರಳ ಸಂದು, ಮಣಿಕಟ್ಟು, ಗಂಡುಮಕ್ಕಳ ಗುಪ್ತಾಂಗ, ಹೆಂಗಸರ ಎದೆ, ಕೂಸಿನ ಅಂಗಾಲು, ರಾತ್ರಿ ತುರಿಕೆ: ಇಷ್ಟು ಕೂಡಿದರೆ ಬೇರೆ ಹೆಸರು ಹೇಳುವುದು ಕಷ್ಟ. ಇದನ್ನು ಮಾಡುವ ನುಸಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಕಣ್ಣಿಗೆ ಸಿಗುವುದಿಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು 10–15 ನುಸಿ ಮಾತ್ರ. ಮೈತುಂಬ ಕಾಣುವ ಗುಳ್ಳೆ ಅವುಗಳಿಗೆ ದೇಹ ತೋರಿಸುವ ಅಲರ್ಜಿ. ಆ ಅಲರ್ಜಿ ಹುಟ್ಟಲು ಮೊದಲ ಸಲ 4–6 ವಾರ ಬೇಕು. ಅತ್ತೆಯವರಿಗೆ ಏನೂ ಇಲ್ಲ ಅಂದಿರಲ್ಲ, ಅವರ ಮೈಮೇಲೂ ನುಸಿ ಇರಬಹುದು, ತುರಿಕೆ ಇನ್ನೂ ಶುರುವಾಗಿಲ್ಲ ಅಷ್ಟೇ. ಅವರನ್ನು ಬಿಟ್ಟು ಚಿಕಿತ್ಸೆ ಮಾಡಿದರೆ ತಿಂಗಳೊಳಗೆ ಎಲ್ಲರಿಗೂ ವಾಪಸ್ ಬರುತ್ತದೆ.

ಕ್ಲೋಬೆಟಾಸಾಲ್ ಬಲವಾದ ಸ್ಟೀರಾಯ್ಡ್. ಅಲರ್ಜಿಯನ್ನು ಅಡಗಿಸುತ್ತದೆ, ನುಸಿಯನ್ನು ಮುಟ್ಟುವುದಿಲ್ಲ. ನಾಲ್ಕು ದಿನ ಕಡಿಮೆಯಾದಂತೆ ಕಂಡದ್ದು ಅದಕ್ಕೇ. ಅದು ಗುಳ್ಳೆಯ ರೂಪವನ್ನೂ ಬದಲಿಸಿಬಿಡುತ್ತದೆ, ಆಮೇಲೆ ನೋಡಿದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಕೂಸಿಗಂತೂ ಇವತ್ತಿನಿಂದ ಹಚ್ಚಬೇಡಿರಿ.

ಖಚಿತ ಮಾಡಿಕೊಳ್ಳಲು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಹೋಗಿ ತೋರಿಸಿರಿ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟರೆ ಸುರಂಗದ ತುದಿಯಲ್ಲಿ ಕಪ್ಪು ತ್ರಿಕೋನದ ಹಾಗೆ ನುಸಿಯ ತಲೆಭಾಗ ಕಾಣುತ್ತದೆ. ಉಪಕರಣ ಇಲ್ಲದ ಕಡೆ ಶಾಯಿ ಪರೀಕ್ಷೆ ಸಾಕು: ಬೆರಳ ಸಂದಿನ ಗುಳ್ಳೆಯ ಮೇಲೆ ಶಾಯಿ ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಮೇಲಿನದು ಹೋಗಿ, ಸುರಂಗದೊಳಗೆ ಇಳಿದ ಶಾಯಿ ಅರ್ಧ ಸೆಂಟಿಮೀಟರಿನ ಅಂಕುಡೊಂಕು ಗೆರೆಯಾಗಿ ಉಳಿಯುತ್ತದೆ. ಗೆರೆ ಕಾಣದಿದ್ದರೆ ಕಜ್ಜಿ ಇಲ್ಲ ಎಂದೇನೂ ಅಲ್ಲ.

ಮನೆಯವರದು ಬೇರೆ. ಹಳೆಯ ತೊಗರಿಗೆ ದುಂಬಿ ಬಿದ್ದರೆ, ಆ ದುಂಬಿಯ ಮರಿಗಳನ್ನು ತಿನ್ನಲು ಇನ್ನೊಂದು ಜಾತಿಯ ನುಸಿ ಬರುತ್ತದೆ. ಚೀಲ ಹೊರುವಾಗ ಅಂಗಿಯೊಳಗೆ ಉದುರಿ ಕಚ್ಚುತ್ತದೆ. ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ತುರಿಕೆ. ನಡುವೆ ಚಿಕ್ಕ ನೀರಿನ ತಲೆ ಇರುವ ಕೆಂಪು ಗುಳ್ಳೆ, ಬಟ್ಟೆಯಿಂದ ಮುಚ್ಚಿದ ಜಾಗದಲ್ಲೇ ಜಾಸ್ತಿ. ಈ ನುಸಿ ಮನುಷ್ಯರ ಮೇಲೆ ಬದುಕುವುದಿಲ್ಲ, ಸುರಂಗ ಕೊರೆಯುವುದಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟುವುದಿಲ್ಲ. ಗೋದಾಮಿನಿಂದ ಬಂದ ಕೂಡಲೇ ಸಾಬೂನು ಹಚ್ಚಿ ಸ್ನಾನ, ಆ ಬಟ್ಟೆ ಅಂದೇ ಬಿಸಿನೀರಿಗೆ. ಹಳೆಯ ಗುಳ್ಳೆ ಒಂದೆರಡು ವಾರದಲ್ಲಿ ಆರುತ್ತವೆ.

ಆದರೂ ಕಜ್ಜಿಯ ಔಷಧ ಅವರೂ ಹಚ್ಚಿಕೊಳ್ಳಬೇಕು, ಒಂದೇ ಮನೆಯಲ್ಲಿ ಮಲಗುತ್ತಾರೆ.

ಗೃಹಿಣಿ, ಕಲಬುರಗಿ
ಸಾಹೇಬ್ರ, ಹ್ಯಾಂಗ ಹಚ್ಚಬೇಕು ಬಿಡಿಸಿ ಹೇಳ್ರಿ. ಕೂಸಿಗಿ ನಡೀತದೇನ್ರಿ?

ಚರ್ಮವೈದ್ಯರು
ಪರ್ಮೆಥ್ರಿನ್ 5% ಕ್ರೀಮ್. ವೈದ್ಯರು ನೋಡಿ ಬರೆದುಕೊಟ್ಟ ಮೇಲೆ ತರಿಸಿರಿ, ಕೂಸು ಇರುವುದರಿಂದ ಇದು ಮುಖ್ಯ. ದೊಡ್ಡವರಿಗೆ ಒಬ್ಬೊಬ್ಬರಿಗೂ 30 ಗ್ರಾಂ, ಆರು ವರ್ಷದ ಮಗನಿಗೆ ಅದರ ಅರ್ಧ, ಎಂಟು ತಿಂಗಳ ಕೂಸಿಗೆ 4 ಗ್ರಾಂ ಆಸುಪಾಸು. ಎರಡು ತಿಂಗಳು ದಾಟಿದ ಕೂಸಿಗೆ ನಡೆಯುತ್ತದೆ. ಒಂದು ಟ್ಯೂಬ್ ತಂದು ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಇದು ಸೋಲಲು ದೊಡ್ಡ ಕಾರಣ.

ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಉಗುರು ಕತ್ತರಿಸಿರಿ. ಮೈ ಒಣಗಿ ತಣ್ಣಗಿರಲಿ, ಬಿಸಿನೀರಿನ ಸ್ನಾನದ ಬೆನ್ನಿಗೇ ಹಚ್ಚಬೇಡಿರಿ. ಗದ್ದದ ಕೆಳಗಿನಿಂದ ಅಂಗಾಲಿನ ತನಕ ಒಂದು ಬೆರಳಿನ ಜಾಗವೂ ಬಿಡದಂತೆ ಸವರಬೇಕು, ಗುಳ್ಳೆ ಇದ್ದಲ್ಲಿ ಮಾತ್ರ ಅಲ್ಲ. ಕಿವಿಯ ಹಿಂದೆ, ಹೊಕ್ಕಳೊಳಗೆ, ಕುಂಡಿಯ ಸಂದು, ಗುಪ್ತಾಂಗ, ಕಾಲ್ಬೆರಳ ಸಂದು ಮರೆಯಬೇಡಿರಿ. ಉಗುರಿನ ಅಡಿಗೆ ಹಳೆಯ ಹಲ್ಲಿನ ಬ್ರಷ್‌ನಿಂದ ಹಚ್ಚಿ, ಆ ಬ್ರಷ್ ಎಸೆಯಿರಿ. ಕೂಸಿಗೂ ವಯಸ್ಸಾದ ಅತ್ತೆಯವರಿಗೂ ತಲೆ, ಮುಖಕ್ಕೂ ಬೇಕು, ಕಣ್ಣು ಬಾಯಿಗೆ ಮಾತ್ರ ತಾಗಬಾರದು. ಕೂಸು ಕೈ ಚೀಪದಂತೆ ಕೈಗವಸು ಹಾಕಿರಿ. ಹಾಲುಣಿಸುವ ಮುಂಚೆ ಮೊಲೆತೊಟ್ಟು ಒರೆಸಿ ತೊಳೆದು, ಉಣಿಸಿದ ಮೇಲೆ ಮತ್ತೆ ಹಚ್ಚಿರಿ.

8ರಿಂದ 12 ತಾಸು ಮೈಮೇಲೆ ಇರಬೇಕು. ನಮ್ಮ ಕಡೆ ತಪ್ಪುವುದು ಇಲ್ಲೇ: ಕ್ರೀಮ್ ಹಚ್ಚಿಕೊಂಡ ತಾಯಿ ಎದ್ದು ಹಿಟ್ಟು ನಾದಿ ರೊಟ್ಟಿ ಬಡಿಯುತ್ತಾರೆ, ಪಾತ್ರೆ ತೊಳೆಯುತ್ತಾರೆ. ನುಸಿ ಹೆಚ್ಚು ಇರುವುದೇ ಬೆರಳ ಸಂದಿನಲ್ಲಿ, ಔಷಧ ಮೊದಲು ಹೋಗುವುದೂ ಅಲ್ಲಿಂದಲೇ. ಅಡುಗೆ, ಪಾತ್ರೆ ಮುಗಿಸಿ ಮಲಗುವಾಗ ಹಚ್ಚಿರಿ. ಕೈ ತೊಳೆದರೆ ಪ್ರತಿ ಸಲವೂ ಕೈಗೆ ಮತ್ತೆ ಹಚ್ಚಬೇಕು.

ಮುಂಜಾನೆ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಳ್ಳಿರಿ. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಟವೆಲ್, ಚಾದರ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ. ಕೌದಿ ಒಗೆಯುವುದು ಆಗದಿದ್ದರೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಒಂದು ವಾರ ಮೂಲೆಗಿಡಿರಿ. ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನದ ಮೇಲೆ ಬದುಕುವುದು ಕಷ್ಟ. ಗೋಡೆಗೆ ಫಿನಾಯಿಲ್ ಹೊಡೆಯುವ ಅಗತ್ಯವಿಲ್ಲ, ಮೈಗೆ ಸೀಮೆಎಣ್ಣೆ, ಡೆಟಾಲ್ ಖಂಡಿತ ಬೇಡ.

ಏಳು ದಿನ ಬಿಟ್ಟು ಎಲ್ಲರೂ ಇನ್ನೊಮ್ಮೆ, ಹೀಗೇ. ಮೊದಲ ಸಲ ಮೊಟ್ಟೆಗಳು ಪೂರ್ತಿ ಸಾಯದೆ ಉಳಿದಿರಬಹುದು, ಅವು ಒಡೆದು ಬಂದ ಮರಿಗಳಿಗೆ ಈ ಎರಡನೆಯದು.

ಇಷ್ಟಾದರೂ ತುರಿಕೆ 2–4 ವಾರ ಇರುತ್ತದೆ. ಸತ್ತ ನುಸಿಯ ಅಂಶ ಚರ್ಮದಲ್ಲಿ ಉಳಿದಿರುತ್ತದೆ. ಔಷಧ ಹತ್ತಲಿಲ್ಲ ಎಂದು ದಿನಾ ಪರ್ಮೆಥ್ರಿನ್ ಹಚ್ಚಿದರೆ ಚರ್ಮ ಒಡೆದು ಅದೇ ಹೊಸ ತುರಿಕೆಯಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿರಿ, ರಾತ್ರಿ ಅಲರ್ಜಿ ಗುಳಿಗೆ ಬೇಕಾದರೆ ವೈದ್ಯರು ಕೊಡುತ್ತಾರೆ. ನಾಲ್ಕು ವಾರ ದಾಟಿ ಹೊಸ ಗುಳ್ಳೆ ಬಂದರೆ ಮತ್ತೆ ತೋರಿಸಿರಿ. ಆಗ ಐವರ್‌ಮೆಕ್ಟಿನ್ ಗುಳಿಗೆಯ ಮಾತು ಬರಬಹುದು. ಗರ್ಭಿಣಿಯರಿಗೆ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಕೊಡುವುದಿಲ್ಲ.

ಗುಳ್ಳೆಗಳ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಕೀವಾದರೆ ತಡ ಮಾಡಬೇಡಿರಿ. ಆ ಸೋಂಕಿನ ಕೆಲವು ವಾರದ ನಂತರ ಮಗುವಿನ ಮುಖ ಮುಂಜಾನೆ ಊದಿಕೊಂಡರೆ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ತಾಗಿರಬಹುದು, ಅದೇ ದಿನ ಆಸ್ಪತ್ರೆಗೆ.

ದಾಸ್ತಾನು ಕೀಟಗಳ ಕೆಲಸ ಮಾಡುವವರು, ಕಲಬುರಗಿ
ತೊಗರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದುಂಬಿ ಹೋದರೆ ಆ ನುಸಿಯೂ ಹೋಗುತ್ತದೆ, ಅದಕ್ಕೆ ಬೇರೆ ಔಷಧ ಬೇಡ. ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ, ದುಂಡನೆಯ ತೂತು, ಚೀಲ ಕೊಡವಿದರೆ ಹಿಟ್ಟಿನಂಥ ಪುಡಿ, ಇವು ಗುರುತು. ಮನೆಯಲ್ಲಿಡುವ ತೊಗರಿಯನ್ನು ಹಲ್ಲಲ್ಲಿ ಕಚ್ಚಿದರೆ ಟಕ್ ಎಂದು ಒಡೆಯುವ ತನಕ ಒಣಗಿಸಿ, ಗಾಳಿಯಾಡದ ಪದರದ ಚೀಲದಲ್ಲಿ ಕಟ್ಟಿರಿ. ಹಳೆಯ ಗೋಣಿಚೀಲ ಕುದಿನೀರಿಗೆ ಹಾಕದೆ ಮತ್ತೆ ತುಂಬಬೇಡಿರಿ. ಗೋದಾಮಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಮಲಗುವ ಮನೆಗೆ ತರಬೇಡಿರಿ. ಅದರ ಗಾಳಿಗೆ ಮನೆಮಂದಿ ಸಾಯುತ್ತಾರೆ. ಅದು ಪರವಾನಗಿ ಇದ್ದವರ ಕೆಲಸ.

ಪ್ರಶ್ನೆ (ವಿದ್ಯಾರ್ಥಿ, ಬೀದರ್)
ಸರ್, ಹಾಸ್ಟೆಲ್‌ನ್ಯಾಗ ಮುಂಜಾನೆ ಎದ್ದರ ತೋಳು, ಕುತ್ತಿಗಿಗಿ ಸಾಲಾಗಿ ಮೂರು ನಾಕು ಗುಳ್ಳಿ ಇರ್ತಾವ. ರೂಮಿನ್ಯಾಗ ಇನ್ನಿಬ್ಬರಿಗಿ ಏನೂ ಆಗಂಗಿಲ್ಲ. ಇದೂ ಕಜ್ಜಿ ಏನ್ರಿ?

ಚರ್ಮವೈದ್ಯರು
ಬಟ್ಟೆ ಇಲ್ಲದ ಜಾಗ, ಸಾಲು ಸಾಲು: ಮೊದಲು ತಗಣಿ ಹುಡುಕಪ್ಪ. ಕಚ್ಚಿದರೂ ಕೆಲವರ ಚರ್ಮ ಏನೂ ತೋರಿಸುವುದಿಲ್ಲ, ಹಾಗಾಗಿ ಗೆಳೆಯರಿಗೆ ಇಲ್ಲ ಎಂಬುದನ್ನು ನಂಬಬೇಡ. ಗಾದಿಯ ಹೊಲಿಗೆ, ಮಂಚದ ಸಂದು, ಸ್ಕ್ರೂ ತೂತು, ತಲೆದಿಸೆಯ ಗೋಡೆಯ ಬಿರುಕು, ಸ್ವಿಚ್‌ಬೋರ್ಡಿನ ಅಂಚು, ಇಲ್ಲಿ ಟಾರ್ಚ್ ಹಿಡಿದು ನೋಡು. ಕಪ್ಪು ಚುಕ್ಕೆ ಕಂಡರೆ ಒದ್ದೆ ಹತ್ತಿಯಿಂದ ಒರೆಸು, ಕಂದುಗೆಂಪಾಗಿ ಹರಡಿದರೆ ಅದು ತಗಣಿಯ ಹಿಕ್ಕೆ.

ಅಂಗಡಿಯ ಸ್ಪ್ರೇಗೆ ಅನೇಕ ಕಡೆ ತಗಣಿ ಜಗ್ಗುವುದಿಲ್ಲ, ಚದುರಿ ಪಕ್ಕದ ರೂಮಿಗೆ ಹೋಗುತ್ತವೆ. ಕಬ್ಬಿಣದ ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ, ಬಟ್ಟೆ ಚಾದರ ಬಿಸಿನೀರಲ್ಲಿ ಒಗೆಯಿರಿ. ದಪ್ಪ ಗಾದಿಯನ್ನು ಬರಿದೇ ಬಿಸಿಲಿಗೆ ಹಾಕಿದರೆ ಮೇಲ್ಭಾಗ ಕಾಯುತ್ತದೆ, ತಗಣಿ ಕೆಳಗೆ ಸರಿದು ತಂಪಿನಲ್ಲಿ ಕೂರುತ್ತದೆ. ಇಡೀ ಹಾಸ್ಟೆಲ್ಲಿಗೆ ಒಂದೇ ಸಲ ಮಾಡಿಸಲು ವಾರ್ಡನ್‌ರಿಗೆ ಎಲ್ಲರೂ ಕೂಡಿ ಅರ್ಜಿ ಕೊಡಿರಿ.

ಪ್ರಶ್ನೆ (ಶಿಕ್ಷಕಿ, ಶಹಾಪುರ)
ನನಗ ದದ್ದು ಬಂದು ತಾಸೆರಡು ತಾಸಿನ್ಯಾಗ ಮಾಯ ಆಗ್ತಾವ, ಮತ್ತ ಬ್ಯಾರೆ ಕಡೆ ಏಳ್ತಾವ. ನಮ್ಮ ಸಾಲಿ ಮಕ್ಕಳಿಗಿ ಮಳಿಗಾಲದಾಗ ಬರೇ ಕಾಲಿಗಿ ಗುಳ್ಳಿ. ಎರಡೂ ಒಂದೇ ಏನ್ರಿ?

ಚರ್ಮವೈದ್ಯರು
ಅಲ್ಲ ಮೇಡಂ. ನಿಮ್ಮದು ಪಿತ್ತಗಂಧೆ ಇದ್ದಂತಿದೆ. ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ವೇಳೆ ಬರೆದಿಡಿರಿ. 24 ತಾಸಿನೊಳಗೆ ಕಲೆ ಇಲ್ಲದೆ ಹೋದರೆ ಗಂಧೆ. ಅಲ್ಲೇ ಉಳಿದು ಉರಿದರೆ, ನೀಲಿ ಕಲೆ ಬಿಟ್ಟರೆ ತೋರಿಸಲೇಬೇಕು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿರಿ.

ಮಕ್ಕಳ ಕಾಲಿನದು ಬಹಳ ಸಲ ಸೊಳ್ಳೆ, ಚಿಗಟ ಕಚ್ಚಿದ್ದಕ್ಕೆ ಬರುವ ಅಲರ್ಜಿ. ಹೊಸದೊಂದು ಕಚ್ಚಿದರೆ ಆರಿದ ಹಳೆಯ ಗುಳ್ಳೆಗಳೂ ಮತ್ತೆ ಏಳುತ್ತವೆ, ಅದಕ್ಕೇ ತಾಯಂದಿರು ರಕ್ತ ಕೆಟ್ಟಿದೆ ಎಂದು ಹೆದರುತ್ತಾರೆ. ಕಾಲು ಮುಚ್ಚುವ ಬಟ್ಟೆ, ಸೊಳ್ಳೆಪರದೆ, ಮನೆಯ ನಾಯಿಗೆ ಚಿಗಟದ ಔಷಧ. ವಯಸ್ಸಾದಂತೆ ತಾನೇ ಕಡಿಮೆಯಾಗುತ್ತದೆ. ಆದರೆ ಬೆರಳ ಸಂದು ನೋಡದೆ ಬಿಡಬೇಡಿರಿ.

ಪ್ರಶ್ನೆ (ಚಿತ್ತಾಪುರ)
ನಮ್ಮ ಅಪ್ಪಗ ಗುಳ್ಳಿನೇ ಇಲ್ಲ, ಬರೇ ತುರಿಕಿ, ಮೈತುಂಬ ಗೀರು ಅದಾವ್ರಿ.

ಚರ್ಮವೈದ್ಯರು
ರಕ್ತ ತಪಾಸಣೆ ಬೇಕಾದದ್ದು ಇಂಥವರಿಗೆ. ಬೆನ್ನಿನ ನಡುವೆ ಕೈ ನಿಲುಕದ ಜಾಗ ಸ್ವಚ್ಛವಾಗಿದ್ದು ಉಳಿದೆಡೆ ಗೀರಿದ್ದರೆ ಒಳಗಿನ ಕಾರಣ ನೋಡಬೇಕು: ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ಲಿವರ್, ಥೈರಾಯ್ಡ್, ಹಿಮೋಗ್ಲೋಬಿನ್. ಚರ್ಮ ಒಣಗಿದ್ದರೆ ದಿನಾ ಸ್ನಾನವಾದ ಕೂಡಲೇ ಎಣ್ಣೆ ಹಚ್ಚಿರಿ. ತುರಿಕೆಯ ಜೊತೆ ತೂಕ ಇಳಿದರೆ, ಕಣ್ಣು ಹಳದಿಯಾದರೆ ಈ ವಾರವೇ ಕರೆದುಕೊಂಡು ಹೋಗಿರಿ.

ಗೃಹಿಣಿ, ಕಲಬುರಗಿ
ಸಾಹೇಬ್ರ, ಒಂದು ಕೇಳೋದು ಉಳದದ. ಮಗನ್ನ ಸಾಲಿಗಿ ಯಾವಾಗ ಕಳಸಬೇಕ್ರಿ?

ಚರ್ಮವೈದ್ಯರು
ಮೊದಲ ಸಲ ರಾತ್ರಿ ಹಚ್ಚಿ ಮುಂಜಾನೆ ತೊಳೆದ ಮೇಲೆ ಅದೇ ದಿನ ಕಳಿಸಬಹುದು ಅಕ್ಕಾರೇ. ಶಿಕ್ಷಕರಿಗೆ ಒಂದು ಮಾತು ಹೇಳಿರಿ, ಅವನ ಬೆಂಚಿನ ಮಕ್ಕಳ ಮನೆಯಲ್ಲೂ ಬೆರಳ ಸಂದು ನೋಡಿಕೊಳ್ಳಲಿ.